ಜಿನ್ನಿಂಗ್ ಮಿಲ್ಲುಗಳು ಯಾಕೆ ಮುಚ್ಚಿದವು?

ಗದಗಿನ ಓದುಗರೊಬ್ಬರ ಪತ್ರ ಬಂದಿದೆ. ಅವರ ಅಜ್ಜ ಅಲ್ಲಿನ ಜಿನ್ನಿಂಗ್ ಮಿಲ್ಲಿನಲ್ಲಿ, ಅಂದರೆ ಹತ್ತಿಯಿಂದ ಕಾಳು ಬೇರೆ ಮಾಡುವ ಕಾರ್ಖಾನೆಯಲ್ಲಿ, ದುಡಿದವರು. ಈಗ ಆ ಜಾಗವೆಲ್ಲ ಪ್ಲಾಟಾಗಿದೆಯಂತೆ. 'ರೈತರು ಹತ್ತಿ ಬಿಟ್ಟು ಗೋವಿನಜೋಳ (ಮೆಕ್ಕೆಜೋಳ) ಹಿಡಿದರು, ಅದಕ್ಕೇ ಮಿಲ್ಲು ಮುಚ್ಚಿದವು ಎಂದು ಹಿರಿಯರು ಬೈತಾರೆ. ನಿಜವೇ?' ಎಂದು ಕೇಳಿದ್ದಾರೆ.

ಆ ಬೈಗುಳ ರೈತರಿಗೆ ಸಲ್ಲದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲು ಮಿಲ್ಲು ಎಲ್ಲಿ, ಯಾಕೆ ಹುಟ್ಟುತ್ತದೆ ನೋಡಿ. ಗಿಡದಿಂದ ಬಿಡಿಸಿದ 100 ಕಿಲೋ ಹತ್ತಿಯಲ್ಲಿ ಅರಳೆ ಸಿಗುವುದು ಸುಮಾರು 35 ಕಿಲೋ. ಉಳಿದದ್ದೆಲ್ಲ ಕಾಳು. ಅಷ್ಟು ಭಾರವನ್ನು ಸುಮ್ನೆ ಮುಂಬೈವರೆಗೆ ಯಾರು ಹೊತ್ತಾರು? ಹೊಲದ ಹತ್ತಿರವೇ ಕಾಳು ಬೇರೆ ಮಾಡಿ, ಅರಳೆಯನ್ನು ಅಂಡಿಗೆ ಕಟ್ಟಿ ಕಳಿಸಬೇಕು. ಕಾಳು ಎಣ್ಣೆಗೆ, ಎಮ್ಮೆಗೆ. ಹತ್ತಿ ಬಂದು ನಿಲ್ಲುವ ಕಡೆ ಮಿಲ್ಲು, ಅದರ ಸುತ್ತ ದಲಾಲರು, ಹಮಾಲರು, ಚಹಾದಂಗಡಿ.

ಆದರೆ ಹತ್ತಿ ನಿಲ್ಲುವ ಜಾಗ ಬದಲಾಗುತ್ತಲೇ ಬಂದಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. 1880ರ ದಶಕದಲ್ಲಿ ಸದರ್ನ್ ಮರಾಠಾ ಕಂಪನಿಯ ರೈಲು ಗದಗಿಗೂ ಹುಬ್ಬಳ್ಳಿಗೂ ಬಂತು. ಗದಗ ಬೆಳೆಯಿತು, ಕುಮಟಾ ಸೊರಗಿತು. ಅಂದರೆ ಗದಗಿನ ಏಳಿಗೆಯೇ ಇನ್ನೊಂದು ಊರಿನ ಇಳಿತವಾಗಿತ್ತು.

ಎರೆ ಹೊಲದ ಜಯಧರ ತಳಿಯ ಹತ್ತಿ ಮಳೆ ನಂಬಿದ ಬೆಳೆ. ಎಳೆ ಗಿಡ್ಡ, ದಪ್ಪ ನೂಲಿಗೆ ಸರಿ. ಧಾರವಾಡದಲ್ಲಿ ಹತ್ತಿ ವಿಜ್ಞಾನಿ ಬಿ.ಎಚ್. ಕಟರ್ಕಿ ಅವರು ತಯಾರಿಸಿದ ವರಲಕ್ಷ್ಮಿ ತಳಿ 1972ರಲ್ಲಿ ಬಂತು. ಉದ್ದ ಎಳೆ, ಒಳ್ಳೆ ಬೆಲೆ. ಆದರೆ ನೀರು, ಗೊಬ್ಬರ, ಔಷಧಿ ಎಲ್ಲವೂ ಜಾಸ್ತಿ. ಹುಳ ಬಿದ್ದರೆ ಸಾಲ ಮಾತ್ರ ಉಳಿಯುತ್ತಿತ್ತು. ಗೋವಿನಜೋಳ ನಾಲ್ಕು ತಿಂಗಳಲ್ಲಿ ಕೈಗೆ ಬರುತ್ತದೆ. ಹತ್ತಿಯಂತೆ ಮೂರ್ನಾಲ್ಕು ಸಲ ಆಳು ಕರೆದು ಬಿಡಿಸಬೇಕಿಲ್ಲ. ಆ ರೈತನನ್ನು ಹೇಗೆ ತಪ್ಪು ಅನ್ನಲಿ?

ಮಿಲ್ಲಿನ ಕಡೆಯೂ ಕಾರಣವಿದೆ. 2000ರಲ್ಲಿ ಕೇಂದ್ರ ಸರ್ಕಾರ ಹತ್ತಿ ತಂತ್ರಜ್ಞಾನ ಮಿಷನ್ ಆರಂಭಿಸಿತು. ಹಳೆ ಮಿಲ್ಲು ಸುಧಾರಿಸಲು ಸಹಾಯಧನ ಇತ್ತು, ಆದರೆ ಮಾಲೀಕರೂ ದೊಡ್ಡ ದುಡ್ಡು ಹಾಕಬೇಕಿತ್ತು. ಸಣ್ಣ ಮಾಲೀಕನಿಗೆ ಯಂತ್ರಕ್ಕಿಂತ ರಸ್ತೆ ಪಕ್ಕದ ಜಾಗವೇ ಲಾಭ ಕಂಡರೆ ಆಶ್ಚರ್ಯವೇನು?

ನನಗೆ ಸಂಕಟವಾಗುವುದು ಬೇರೆ ವಿಷಯಕ್ಕೆ. ರೋಲರ್‌ಗೆ ಹತ್ತಿ ಊಡುತ್ತ ದಿನವಿಡೀ ನಿಂತ ಹೆಣ್ಣುಮಕ್ಕಳ ರೆಪ್ಪೆ ಮೇಲೆ, ತಲೆ ಮೇಲೆ ಅರಳೆಯ ದೂಳು. ಎದೆಯಲ್ಲೂ ಅದೇ ದೂಳು, ಅದರಿಂದ ಬಂದ ಕೆಮ್ಮು. ಮಾಲೀಕರ ಹೆಸರು ಓಣಿಗಳಿಗೆ ಉಳಿದಿದೆ, ಇವರದ್ದು ಎಲ್ಲೂ ಇಲ್ಲ. ನಿಮ್ಮ ಓಣಿಯಲ್ಲಿ ಅಂಥ ಅಜ್ಜಿಯರು ಇದ್ದಾರಲ್ವಾ? ಪಗಾರ ಎಷ್ಟಿತ್ತು, ಕೂಸು ಎಲ್ಲಿ ಮಲಗಿಸುತ್ತಿದ್ದರು, ಮಿಲ್ಲು ಮುಚ್ಚಿದ ಮೇಲೆ ಯಾವ ಕೆಲಸ ಹಿಡಿದರು, ಕೇಳಿ ಬರೆದು ಕಳಿಸಿ. ಅವರು ಹೇಳಿದಂತೆಯೇ ಬರೆಯಿರಿ. ನಾವು ಪ್ರಕಟಿಸುತ್ತೇವೆ.

— ಸಂಪಾದಕ