ಹಳೇ 17 ಇಂಚಿನ ಮಾನಿಟರ್‌ನಲ್ಲಿ ಕನ್ನಡ ಅಕ್ಷರ ಸಣ್ಣದಾಗಿ ಕಾಣುತ್ತದೆ, ರೆಸಲ್ಯೂಷನ್ ಕಮ್ಮಿ ಮಾಡಲೇ?

ದಯವಿಟ್ಟು ರೆಸಲ್ಯೂಷನ್ ಮುಟ್ಟಬೇಡಿ. ಅಕ್ಷರ ಮಾತ್ರ ದೊಡ್ಡದು ಮಾಡಿ. ತಂದೆಯವರು ಸುದ್ದಿ ಓದಲು ಕಷ್ಟಪಡುತ್ತಾರೆ ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಂಡ್ಯದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಕರಾರು ಪತ್ರ, ಲಗ್ನಪತ್ರಿಕೆ, ಎಲ್ಲ ಕನ್ನಡದಲ್ಲೇ. ನನ್ನ ಮುಂದಿರುವುದೂ ನಿಮ್ಮಂಥದ್ದೇ ಚೌಕದ ಎಲ್‌ಸಿಡಿ. ಅಡ್ಡಕ್ಕೆ 1280, ಉದ್ದಕ್ಕೆ 1024 ಚುಕ್ಕಿ, ಇದೇ ಅದರ ರೆಸಲ್ಯೂಷನ್. ಈ ಚುಕ್ಕಿಗಳು ಕೂತ ಜಾಗ ಬಿಟ್ಟು ಕದಲುವುದಿಲ್ಲ. ನೀವು 1024 × 768 ಇಟ್ಟರೆ ಅಡ್ಡಕ್ಕೆ ಒಂದು ಚುಕ್ಕಿಯನ್ನು ಒಂದೂಕಾಲು ಚುಕ್ಕಿಗೆ ಎಳೆಯಬೇಕು. ಕಾಲು ಚುಕ್ಕಿ ಅನ್ನೋದು ಇಲ್ಲ ಅಲ್ವಾ? ಬಣ್ಣ ಪಕ್ಕಕ್ಕೆ ಹರಡಿ ಅಂಚು ಮಸುಕಾಗುತ್ತದೆ.

ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ನಮ್ಮದಕ್ಕೆ ಆಗುವುದಿಲ್ಲ. ‘ರಾಷ್ಟ್ರ’ ನೋಡಿ: ಷ ಕೆಳಗೆ ಟ ಒತ್ತು, ಜೊತೆಗೆ ರ ಒತ್ತು. ಇಷ್ಟೂ ಒಂದೇ ಸಾಲಿನ ಎತ್ತರದಲ್ಲಿ ಹಿಡಿಯಬೇಕು. ಒತ್ತಕ್ಷರಕ್ಕಿಂತ ಜಾಸ್ತಿ ಮೋಸ ಮಾಡುವುದು ಮಹಾಪ್ರಾಣದ ಸೀಳು. ಒಮ್ಮೆ ಒಬ್ಬ ತಾಯಿಯ ಹೆಸರಿನ ‘ಧ’ ನನ್ನ ಕೈಯಲ್ಲಿ ‘ದ’ ಆಗಿತ್ತು. ಪರದೆ ಮೇಲೆ ಎರಡು ಸಲ ಓದಿದ್ದೆ, ಕಾಣಲೇ ಇಲ್ಲ. ಅವರು ಊರಿಂದ ಮತ್ತೆ ಬಸ್ಸು ಹತ್ತಿ ಬರಬೇಕಾಯಿತು. ಅವತ್ತೇ ಅಕ್ಷರ ದೊಡ್ಡದು ಮಾಡಿದೆ.

ಮೊದಲು ರೆಸಲ್ಯೂಷನ್ 1280 × 1024ಕ್ಕೇ ಇಡಿ. ವಿಂಡೋಸ್ 10 ಆದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಅನ್ನು 125% ಮಾಡಿ. ಆಮೇಲೆ ಸ್ಟಾರ್ಟ್‌ನಲ್ಲಿ ಕ್ಲಿಯರ್‌ಟೈಪ್ (ClearType) ಅಂತ ಹುಡುಕಿ, ಅಕ್ಷರ ಸ್ಪಷ್ಟ ಮಾಡುವ ಸೌಲಭ್ಯ ಅದು. ಅದು ತೋರಿಸುವ ಮಾದರಿಗಳಲ್ಲಿ ಚೆನ್ನಾಗಿ ಕಾಣುವುದನ್ನು ನಿಮ್ಮ ತಂದೆಯೇ ಆರಿಸಲಿ, ಓದುವ ಕಣ್ಣು ಅವರದು. ಬ್ರೌಸರ್‌ನಲ್ಲಿ ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿದರೆ ಸಾಕು. ನೀಲಿ ತುದಿಯ ವಿಜಿಎ ಕೇಬಲ್ ಇದ್ದರೆ ಮಾನಿಟರ್‌ನ ಆಟೋ ಬಟನ್ ಒಂದು ಸಲ ಒತ್ತಿ. ನಡುಗುವ ಅಕ್ಷರ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಹಿಂದೆ ದಪ್ಪ ಡಬ್ಬಿ ಇರುವ ಸಿಆರ್‌ಟಿ ಆದರೆ ಲೆಕ್ಕ ಬೇರೆ. ಅದರಲ್ಲಿ ರೆಸಲ್ಯೂಷನ್ ಇಳಿಸಬಹುದು. ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ ಅನ್ನೋದು) ಮಾತ್ರ 60 ಬಿಟ್ಟು 75 ಅಥವಾ 85 ಹರ್ಟ್ಜ್ ಇಡಿ, ಮಿಣುಕು ಕಮ್ಮಿಯಾಗುತ್ತದೆ.

ಎಲ್ಲ ಆದಮೇಲೆ ‘ದ ಧ ಪ ಫ’ ಅಂತ ಟೈಪ್ ಮಾಡಿ, ತಂದೆಯವರಿಗೆ ಕೈಚಾಚುವಷ್ಟು ದೂರದಿಂದ ಓದಲು ಹೇಳಿ. ಸೀಳು ಕಾಣಿಸದಿದ್ದರೆ ಸ್ಕೇಲ್ 150%ಕ್ಕೆ ಏರಿಸಿ.