‘ಐ ಹ್ಯಾವ್ ಎ ಡೌಟ್’ ಅಂದಿದ್ದಕ್ಕೆ ಅಮೆರಿಕದ ಮ್ಯಾನೇಜರ್ ‘ವಾಟ್ಸ್ ರಾಂಗ್ ವಿತ್ ಇಟ್?’ ಅಂದರು, ಯಾಕೆ?

ಬಹುಶಃ ‘ಡೌಟ್’ ಅನ್ನೋ ಪದವೇ ಕಾರಣ. ನಮ್ಮ ಕ್ಲಾಸಲ್ಲಿ ‘ಸಾರ್, ಒಂದು ಡೌಟು’ ಅಂದರೆ ಪ್ರಶ್ನೆ ಇದೆ ಅಂತ ಅಷ್ಟೇ. ಅಮೆರಿಕದವರ ಕಿವಿಗೆ ಅದು ಅಪನಂಬಿಕೆ. ‘ಐ ಹ್ಯಾವ್ ಎ ಡೌಟ್ ಅಬೌಟ್ ದ ಪ್ಲಾನ್’ ಅಂದರೆ ‘ಈ ಪ್ಲಾನ್ ನಡೆಯುತ್ತೆ ಅಂತ ನನಗನ್ನಿಸ್ತಿಲ್ಲ’ ಅಂದ ಹಾಗೆ. ನನಗೂ ಮೊದಲ ವರ್ಷ ಇದೇ ಆಗಿತ್ತು. ನಿಮ್ಮ ಮ್ಯಾನೇಜರ್‌ಗೆ ಬೇಜಾರಾಗಿದೆಯೋ ಇಲ್ಲವೋ, ಆ ಒಂದು ಮಾತಿನಿಂದ ಹೇಳೋಕಾಗಲ್ಲ.

ಮೊದಲು ‘ಸಾರಿ, ಐ ಮೆಂಟ್ ಐ ಹ್ಯಾಡ್ ಎ ಕ್ವೆಶ್ಚನ್’ ಅಂತ ಒಂದು ಸಾಲು ಕಳಿಸಿ, ಅದರ ಕೆಳಗೇ ನಿಮ್ಮ ಪ್ರಶ್ನೆ ಬರೀರಿ. ಆಮೇಲೆ ಬಾಯಿಗೆ ‘ಡೌಟ್’ ಬಂದಲ್ಲೆಲ್ಲ ‘ಕ್ವೆಶ್ಚನ್’ ಅನ್ನಿ. ‘ಪ್ರಿಪೋನ್’ (ನಿಗದಿಗಿಂತ ಮೊದಲೇ ಇಟ್ಟುಕೊಳ್ಳೋದು) ಕೂಡ ಅಲ್ಲಿ ಬಳಕೆಯಲ್ಲಿಲ್ಲ. ‘ಕ್ಯಾನ್ ವಿ ಮೂವ್ ದ ಮೀಟಿಂಗ್ ಅಪ್?’ ಅಂತ ಕೇಳಿ.