ವಿಮೆಯಿಲ್ಲದ ಮನೆಗೆ ಆಸ್ಪತ್ರೆಯ ಬಿಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಹೇಳಿಕೊಂಡಿವೆ: ಕಾಯಿಲೆ ವಾಸಿಯಾಗಿದೆ ಅಥವಾ ವಾಸಿಯಾಗುತ್ತಿದೆ, ಆದರೆ ಅದರ ಬಿಲ್ಲು ಮನೆಯನ್ನು ಹಾಸಿಗೆ ಹಿಡಿಸಿದೆ. ಉತ್ತರ ಬರೆಯುತ್ತಿರುವ ನಾನು ಹಲವು ವರ್ಷ ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿದವನು. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಬಹುಪಾಲು ಕೌಂಟರಿನ ಒಳಗಡೆ ಕೂತು ಕಂಡದ್ದು.

ಪ್ರಶ್ನೆ: ನಮ್ಮ ತಂದೆಯವರಿಗೆ ಕರುಳಿನಲ್ಲಿ ರಂಧ್ರವಾಗಿ ತುರ್ತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಒಟ್ಟು 23 ದಿನ ಆಸ್ಪತ್ರೆಯಲ್ಲಿದ್ದರು, ಅದರಲ್ಲಿ 9 ದಿನ ತೀವ್ರ ನಿಗಾ ಘಟಕದಲ್ಲಿ. ಈಗ ಮನೆಗೆ ಬಂದು ಚೇತರಿಸಿಕೊಳ್ಳುತ್ತಿದ್ದಾರೆ. ನಮಗೆ ಯಾವ ಆರೋಗ್ಯ ವಿಮೆಯೂ ಇಲ್ಲ. ಮುಂಗಡವಾಗಿ ಕಟ್ಟಿದ್ದು ಕಳೆದು ಉಳಿದಿರುವ ಬಾಕಿ ನಮ್ಮ ಮನೆಯ ಒಂದೂವರೆ ವರ್ಷದ ಆದಾಯದಷ್ಟಿದೆ. ಅದನ್ನು ತೀರಿಸಲು ಒಂದು ತಿಂಗಳ ಗಡುವು ಕೊಟ್ಟಿದ್ದಾರೆ. ಪರಿಚಿತರೊಬ್ಬರು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಸಾಲ ಕೊಡಿಸುತ್ತೇನೆ ಎನ್ನುತ್ತಾರೆ. ಅಣ್ಣ ಮನೆಯನ್ನೇ ಅಡವಿಡೋಣ ಎನ್ನುತ್ತಾನೆ. ಎರಡರಲ್ಲಿ ಯಾವುದು ಮೇಲು?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಕೈಯಲ್ಲಿರುವುದು ಒಂದು ಪುಟದ ಒಟ್ಟು ಬಿಲ್ಲು ಎಂದು ಪತ್ರದ ಜೊತೆಗೆ ಕಳಿಸಿರುವ ಪ್ರತಿಯಿಂದ ತಿಳಿಯುತ್ತದೆ. 'ಔಷಧ', 'ತಪಾಸಣೆ', 'ಹಾಸಿಗೆ', 'ಇತರೆ' ಎಂಬ ನಾಲ್ಕೈದು ಸಾಲುಗಳನ್ನು ನೋಡಿ ಯಾರೂ ಏನನ್ನೂ ಪರಿಶೀಲಿಸಲಾರರು. ದಿನಾಂಕವಾರು, ವಸ್ತುವಾರು ವಿವರ ಇರುವ ಬಿಲ್ಲನ್ನು ಲಿಖಿತವಾಗಿ ಕೇಳಿ; ಅದರ ಜೊತೆಗೆ ಡಿಸ್ಚಾರ್ಜ್ ಸಾರಾಂಶ, ಕೇಸ್ ಶೀಟಿನ (ದಿನದಿನದ ಚಿಕಿತ್ಸೆಯನ್ನು ಬರೆದಿಡುವ ದಾಖಲೆಯ) ಪ್ರತಿ ಮತ್ತು ದಾದಿಯರು ಬರೆದಿಟ್ಟ ಔಷಧ ಚಾರ್ಟಿನ ಪ್ರತಿಯನ್ನೂ ಕೇಳಿ. ಹೀಗೆ ಕೇಳುವುದು ಜಗಳವಲ್ಲ. ತನ್ನ ವೈದ್ಯಕೀಯ ದಾಖಲೆಯಲ್ಲಿ ಬರೆದಿರುವುದನ್ನು ತಿಳಿಯುವುದು ರೋಗಿಯ ಹಕ್ಕು ಎಂದು ವಿಶ್ವ ವೈದ್ಯಕೀಯ ಸಂಘವು 1981ರಲ್ಲಿ ಲಿಸ್ಬನ್‌ನಲ್ಲಿ ಅಂಗೀಕರಿಸಿ 1995ರಲ್ಲಿ ಪರಿಷ್ಕರಿಸಿದ ಘೋಷಣೆಯೇ ಹೇಳುತ್ತದೆ.

ದಾಖಲೆಗಳು ಬಂದ ಮೇಲೆ ಒಂದು ಸಂಜೆ ಮನೆಯವರು ಇಬ್ಬರು ಎದುರುಬದುರು ಕೂತು, ಒಬ್ಬರು ಬಿಲ್ಲನ್ನು ಓದುತ್ತಾ ಹೋಗಲಿ, ಇನ್ನೊಬ್ಬರು ಕೇಸ್ ಶೀಟಿನಲ್ಲಿ ಅದನ್ನು ಹುಡುಕಲಿ. 23 ದಿನಗಳ ಬಿಲ್ಲಿನಲ್ಲಿ ತಪ್ಪು ನುಸುಳಲು ಯಾರ ದುರುದ್ದೇಶವೂ ಬೇಕಾಗಿಲ್ಲ. ನಿಗಾ ಘಟಕದಿಂದ ವಾರ್ಡಿಗೆ ವರ್ಗಾಯಿಸಿದ ದಿನಕ್ಕೆ ಎರಡೂ ಕಡೆಯ ಹಾಸಿಗೆ ಬಾಡಿಗೆ ಬಿದ್ದಿರುವುದು ತೀರ ಸಾಮಾನ್ಯ. ತುರ್ತಿನಲ್ಲಿ ಹತ್ತು ಸೀಸೆ ಇಂಜೆಕ್ಷನ್ ತರಿಸಿ ನಾಲ್ಕನ್ನು ಬಳಸಿ ಆರನ್ನು ಔಷಧಾಲಯಕ್ಕೆ ಹಿಂದಿರುಗಿಸಿರುತ್ತಾರೆ, ಆದರೆ ಹಿಂದಿರುಗಿಸಿದ್ದು ನಿಮ್ಮ ಖಾತೆಗೆ ಜಮಾ ಆಗಿರುವುದಿಲ್ಲ. ಉಸಿರಾಟದ ಯಂತ್ರವನ್ನು ತೆಗೆದ ಮರುದಿನವೂ ಅದರ ಬಾಡಿಗೆ ಓಡುತ್ತಿರುತ್ತದೆ. ಒಂದೇ ರಕ್ತಪರೀಕ್ಷೆ ಒಂದೇ ಬೆಳಿಗ್ಗೆ ಎರಡು ಸಲ ನಮೂದಾಗಿರುತ್ತದೆ. ಮಾದರಿ ಹಾಳಾಗಿ ಮತ್ತೆ ರಕ್ತ ತೆಗೆದಿದ್ದರೆ ಅದರ ಖರ್ಚು ನಿಮ್ಮದಾಗಬೇಕೇ ಎಂದು ಕೇಳಲು ನಿಮಗೆ ಅವಕಾಶವಿದೆ. ಶಸ್ತ್ರಚಿಕಿತ್ಸೆಯ ಕೊಠಡಿಯ ಶುಲ್ಕದಲ್ಲೇ ಸೇರಿರಬೇಕಾದ ಕೈಗವಸು, ಹೊದಿಕೆ, ದಾರಗಳನ್ನು ಬೇರೆಯಾಗಿ ಮತ್ತೊಮ್ಮೆ ಸೇರಿಸಿರುವುದನ್ನೂ ನಾನು ಕಂಡಿದ್ದೇನೆ. ಸಂಶಯ ಬಂದ ಸಾಲುಗಳಿಗೆ ಕೆಂಪು ಗುರುತು ಹಾಕಿ, ಒಂದು ಹಾಳೆಯಲ್ಲಿ ದಿನಾಂಕ ಸಮೇತ ಪಟ್ಟಿ ಮಾಡಿ ಕೊಟ್ಟು, ಅದನ್ನು ತಲುಪಿಸಿಕೊಂಡ ಬಗ್ಗೆ ಸಹಿ ಪಡೆಯಿರಿ.

ಆ ಹಾಳೆಯನ್ನು ಯಾರಿಗೆ ಕೊಡಬೇಕು ಎನ್ನುವುದು ಹೆಚ್ಚಿನವರು ಎಡವುವ ಜಾಗ. ಕೌಂಟರಿನಲ್ಲಿ ಕೂತ ಹುಡುಗನಿಗೆ ಒಂದು ಕಾಸನ್ನೂ ಬಿಡುವ ಅಧಿಕಾರ ಇರುವುದಿಲ್ಲ. ಅವನೊಡನೆ ಕೂಗಾಡಿದರೆ ಅವನ ಬಿ.ಪಿ. ಏರುತ್ತದೆ, ನಿಮ್ಮ ಬಾಕಿ ಇಳಿಯುವುದಿಲ್ಲ. ಲೆಕ್ಕ ವಿಭಾಗದ ಮುಖ್ಯಸ್ಥರ ಅಥವಾ ವೈದ್ಯಕೀಯ ಅಧೀಕ್ಷಕರ ಭೇಟಿಗೆ ಸಮಯ ಕೇಳಿ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇದ್ದರೆ ಅವರನ್ನು ಇನ್ನೂ ಮೊದಲೇ ಕಾಣಿ. ಬಡ ರೋಗಿಗಳಿಗೆ ಮೀಸಲಿಟ್ಟ ನಿಧಿ, ದಾನಿಗಳ ನಿಧಿ, ಸರ್ಕಾರದ ನೆರವಿನ ಯೋಜನೆ, ನಿರ್ದಿಷ್ಟ ಕಾಯಿಲೆಗಳಿಗೆ ಸಹಾಯ ಮಾಡುವ ಸಂಸ್ಥೆಗಳು, ಇವುಗಳ ದಾರಿ ಬಲ್ಲವರು ಅವರು. 'ನಾವು ಅಷ್ಟು ಬಡವರಲ್ಲ' ಎಂದು ನೀವೇ ತೀರ್ಮಾನಿಸಿ ಅರ್ಜಿ ಹಾಕದೆ ಉಳಿಯಬೇಡಿ. ಮನೆಯ ಖರ್ಚಿನಲ್ಲಿ ಚಿಕಿತ್ಸೆಗೆ ಹೋದದ್ದು ನೂರಕ್ಕೆ 10 ಅಥವಾ 25ರ ಪಾಲನ್ನು ದಾಟಿದರೆ ಅದನ್ನು ಆ ಕುಟುಂಬಕ್ಕೆ ವಿಪತ್ತಿನ ಮಟ್ಟದ ವೆಚ್ಚವೆಂದು ಪರಿಗಣಿಸುವ ಅಳತೆಗೋಲನ್ನು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಲೆಕ್ಕಾಚಾರದಲ್ಲಿ ವರ್ಷಗಟ್ಟಲೆ ಬಳಸಲಾಗಿದೆ. ಬಾಕಿಯೊಂದೇ ಒಂದೂವರೆ ವರ್ಷದ ಆದಾಯಕ್ಕೆ ಸಮನಾಗಿರುವ ನೀವು ಆ ಗೆರೆಯಿಂದ ಎಷ್ಟು ದೂರ ಹೋಗಿದ್ದೀರಿ ಎಂದು ನೋಡಿಕೊಳ್ಳಿ. ಆದಾಯದ ಪುರಾವೆ, ಅವಲಂಬಿತರ ಸಂಖ್ಯೆ, ಈಗಾಗಲೇ ಇರುವ ಸಾಲಗಳು, ಈವರೆಗೆ ಕಟ್ಟಿದ ರಸೀದಿಗಳು, ಇವಿಷ್ಟನ್ನು ಒಂದೇ ಕಡತದಲ್ಲಿ ಜೋಡಿಸಿಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ತಪ್ಪುಗಳು ತಿದ್ದಿದ ಮೇಲೆ, ನೆರವು ಎಷ್ಟು ಸಿಕ್ಕುತ್ತದೆ ಎಂದು ಗೊತ್ತಾದ ಮೇಲೆ, ಉಳಿದ ಮೊತ್ತದ ಬಗ್ಗೆ ಚೌಕಾಸಿ. ಈ ಮಾತು ಒರಟಾಗಿ ಕೇಳಿಸಬಹುದು, ಆದರೆ ಆಸ್ಪತ್ರೆಯವರೂ ಲೆಕ್ಕ ಹಾಕುವವರೇ: ಬಾಕಿ ಹಳೆಯದಾದಷ್ಟೂ ವಸೂಲಾಗುವ ಆಸೆ ಕಡಿಮೆ, ವಸೂಲಿಗೆ ಖರ್ಚು ಹೆಚ್ಚು. ಅದಕ್ಕೇ ಒಂದೇ ಕಂತಿನಲ್ಲಿ ಒಂದಿಷ್ಟನ್ನು ಕಟ್ಟುತ್ತೇನೆ ಎಂದವರಿಗೆ ರಿಯಾಯಿತಿ ಕೊಡಲು, ಪ್ರತಿ ತಿಂಗಳು ತಪ್ಪದೆ ಕಟ್ಟುತ್ತೇನೆ ಎಂದವರಿಗೆ ಬಡ್ಡಿಯಿಲ್ಲದ ಕಂತು ಕೊಡಲು ಅನೇಕ ಕಡೆ ಒಪ್ಪುತ್ತಾರೆ. ವಿಮಾ ಕಂಪನಿಗಳಿಗೆ ಒಪ್ಪಂದದ ಮೇರೆಗೆ ಕಡಿಮೆ ದರ ಹಾಕುವ ಆಸ್ಪತ್ರೆಯಾದರೆ, ಅದೇ ದರವನ್ನು ನಿಮಗೂ ಹಾಕುವಂತೆ ಕೇಳಿ. ಕಂತಿನ ಮೊತ್ತವನ್ನು ಮಾತ್ರ ಅವರು ಹೇಳಿದಂತೆ ಒಪ್ಪಬೇಡಿ. ಊಟ, ಬಾಡಿಗೆ, ಮಕ್ಕಳ ಓದು, ತಂದೆಯವರ ಮುಂದಿನ ಔಷಧ ಕಳೆದು ಉಳಿಯುವುದೆಷ್ಟೋ ಅದಕ್ಕಿಂತ ಸ್ವಲ್ಪ ಕಡಿಮೆಗೇ ಒಪ್ಪಿಕೊಳ್ಳಿ. ಮೂರನೆಯ ತಿಂಗಳಿಗೇ ತಪ್ಪುವ ದೊಡ್ಡ ಕಂತಿಗಿಂತ ಮೂರು ವರ್ಷ ನಡೆಯುವ ಸಣ್ಣ ಕಂತು ಇಬ್ಬರಿಗೂ ಕ್ಷೇಮ. ಒಪ್ಪಿದ್ದೆಲ್ಲ ಕಾಗದದ ಮೇಲೆ ಬರಲಿ. ಕೊನೆಯ ಕಂತು ಮುಗಿದಾಗ 'ಬಾಕಿ ಇಲ್ಲ' ಎಂಬ ಪತ್ರವನ್ನು ಮರೆಯದೆ ಪಡೆಯಿರಿ. ಈ ಮಾತುಕತೆ ಮುಗಿಯುವವರೆಗೆ ಗಡುವನ್ನು ಮುಂದೂಡುವಂತೆ ಇವತ್ತೇ ಬರೆದು ಕೊಡಿ. ಸುಮ್ಮನಿದ್ದು ಫೋನು ಎತ್ತದಿರುವಷ್ಟು ಕೆಟ್ಟ ತಂತ್ರ ಇನ್ನೊಂದಿಲ್ಲ.

ಇನ್ನು ಆ ನೂರಕ್ಕೆ ಮೂರರ ಸಾಲ. ನೂರು ತೆಗೆದುಕೊಂಡು ತಿಂಗಳಿಗೆ ಮೂರರಂತೆ ಬಡ್ಡಿ ಕಟ್ಟುತ್ತಾ ಹೋದರೆ 33 ತಿಂಗಳಲ್ಲಿ 99 ಕಟ್ಟಿರುತ್ತೀರಿ, ಅಸಲು ನೂರಕ್ಕೆ ನೂರು ಹಾಗೇ ನಿಂತಿರುತ್ತದೆ. ಬಡ್ಡಿಯನ್ನೂ ಕಟ್ಟಲಾಗದೆ ಅದು ಅಸಲಿಗೆ ಸೇರುತ್ತಾ ಹೋದರೆ ಎರಡು ವರ್ಷಕ್ಕೆ ನೂರು ಹೋಗಿ 203 ಆಗುತ್ತದೆ. ಆಸ್ಪತ್ರೆಗೆ ಇರುವ ಬಾಕಿಗೆ ಬಡ್ಡಿ ಇಲ್ಲದಿರುವಾಗ, ಅಥವಾ ಅತ್ಯಲ್ಪ ಇರುವಾಗ, ಅದನ್ನು ತೀರಿಸಲು ಇಂಥ ಸಾಲ ಮಾಡುವುದು ಸಾಲ ಕೊಟ್ಟ ಸೌಮ್ಯನನ್ನು ಕಳಿಸಿ ಕ್ರೂರನನ್ನು ಮನೆಗೆ ಕರೆದಂತೆ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ಲು ತೀರಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮೇಲಾಗಿ ಒಮ್ಮೆ ಕಾರ್ಡಿನಲ್ಲಿ ಕಟ್ಟಿಬಿಟ್ಟರೆ ಆಸ್ಪತ್ರೆಯ ದೃಷ್ಟಿಯಲ್ಲಿ ಲೆಕ್ಕ ಮುಗಿಯಿತು, ಆಮೇಲೆ ರಿಯಾಯಿತಿ ಕೇಳಲು ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮ ಅಣ್ಣನವರ ಕಾಳಜಿ ದೊಡ್ಡದು, ಆದರೆ ತಲೆಯ ಮೇಲಿನ ಸೂರನ್ನು ಒತ್ತೆಯಿಡುವುದು ಉಳಿದೆಲ್ಲ ಬಾಗಿಲು ತಟ್ಟಿದ ಮೇಲಿನ ಮಾತು. ಈವರೆಗೆ ನೀವು ಒಂದನ್ನೂ ತಟ್ಟಿಲ್ಲ.

ಪ್ರಶ್ನೆ: ನನ್ನ ಪತ್ನಿಗೆ ಪಿತ್ತಕೋಶದಲ್ಲಿ ಕಲ್ಲುಗಳಿದ್ದು ಆಗಾಗ ನೋವು ಬರುತ್ತಿದೆ. ಎರಡು ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ ಎಂದಿದ್ದಾರೆ. ವಿಮೆ ಇಲ್ಲ. ಬಿಲ್ಲು ಬಂದ ಮೇಲೆ ಪರದಾಡುವ ಬದಲು ಮೊದಲೇ ಏನಾದರೂ ಮಾಡಬಹುದೇ?

ಉತ್ತರ: ನಿಮಗೆ ಸಮಯವಿದೆ, ಮೇಲಿನ ಪತ್ರದವರಿಗೆ ಇಲ್ಲದ ಭಾಗ್ಯ ಅದು. ಎರಡು ಮೂರು ಕಡೆ ಲಿಖಿತ ಅಂದಾಜು ಪಟ್ಟಿ ಕೇಳಿ, ಅದರಲ್ಲಿ ಸೇರಿರದೇ ಇರುವುದೇನು ಎಂಬುದನ್ನು ಸೇರಿರುವುದಕ್ಕಿಂತ ಹೆಚ್ಚು ಎಚ್ಚರಿಕೆಯಿಂದ ಓದಿ. ಅರಿವಳಿಕೆ ತಜ್ಞರ ಶುಲ್ಕ, ತೆಗೆದ ಅಂಗಾಂಶದ ಪರೀಕ್ಷೆ, ಒಂದು ದಿನ ಹೆಚ್ಚಿಗೆ ಉಳಿಯಬೇಕಾದರೆ ಆಗುವ ಖರ್ಚು, ಉದರದರ್ಶಕದ (ಸಣ್ಣ ರಂಧ್ರಗಳಿಂದ ಮಾಡುವ ಲ್ಯಾಪರೊಸ್ಕೋಪಿ) ಮೂಲಕ ಆರಂಭಿಸಿ ನಡುವೆ ಹೊಟ್ಟೆಯನ್ನು ತೆರೆದೇ ಮಾಡಬೇಕಾಗಿ ಬಂದರೆ ಬೀಳುವ ಮೊತ್ತ, ಇವು ಹೊರಗುಳಿಯುವುದು ಹೆಚ್ಚು. ಕೆಲವು ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆ ಏರಿದರೆ ಬಾಡಿಗೆಯಷ್ಟೇ ಅಲ್ಲ, ಶಸ್ತ್ರವೈದ್ಯರ ಶುಲ್ಕದಿಂದ ತಪಾಸಣೆಯವರೆಗೆ ಎಲ್ಲವೂ ಏರುತ್ತವೆ. ಸಾಮಾನ್ಯ ವಾರ್ಡಿನಲ್ಲೂ ಶಸ್ತ್ರಚಿಕಿತ್ಸೆ ಮಾಡುವ ಕೈ ಅದೇ. ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆ ಮತ್ತು ಸರ್ಕಾರಿ ಆಸ್ಪತ್ರೆಗಳನ್ನು ಈ ಪಟ್ಟಿಯಿಂದ ಬಿಡಬೇಡಿ: ಕಾಯುವ ಸರದಿ ಉದ್ದವಿರಬಹುದು, ಆದರೆ ಪಿತ್ತಕೋಶ ತೆಗೆಯುವುದು ಅಲ್ಲಿ ದಿನನಿತ್ಯದ ಕೆಲಸ.

ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಸಂಕೋಚ ಬೇಡ. ಮೇಲೆ ಹೇಳಿದ ಲಿಸ್ಬನ್ ಘೋಷಣೆಯು ಚಿಕಿತ್ಸೆಯ ಯಾವ ಹಂತದಲ್ಲೂ ರೋಗಿಗೆ ಆ ಹಕ್ಕಿದೆ ಎನ್ನುತ್ತದೆ. ಅಮೆರಿಕದಲ್ಲಿ 2012ರಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದ 'ಚೂಸಿಂಗ್ ವೈಸ್ಲಿ' ಎಂಬ ವೈದ್ಯರ ಆಂದೋಲನವೊಂದಿದೆ. ಈ ಪರೀಕ್ಷೆ ನಿಜವಾಗಿ ಬೇಕೇ, ಇದಕ್ಕಿಂತ ಸರಳ ದಾರಿ ಇದೆಯೇ, ಏನೂ ಮಾಡದಿದ್ದರೆ ಏನಾಗುತ್ತದೆ ಎಂದು ರೋಗಿಗಳೇ ವೈದ್ಯರನ್ನು ಕೇಳುವಂತೆ ಅದು ಪ್ರೋತ್ಸಾಹಿಸುತ್ತದೆ. ನಿಮ್ಮ ವಿಷಯದಲ್ಲಿ ಒಂದು ಮಾತು: ಯಾವ ತೊಂದರೆಯನ್ನೂ ಕೊಡದೆ ಆಕಸ್ಮಿಕವಾಗಿ ಕಂಡ ಕಲ್ಲುಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ಆದರೆ ನಿಮ್ಮವರಿಗೆ ನೋವು ಬರುತ್ತಿದೆ. ಹಣ ಉಳಿಸಲೆಂದು ಇದನ್ನು ವರ್ಷಗಟ್ಟಲೆ ಮುಂದೂಡಿದರೆ, ಕಲ್ಲು ಜಾರಿ ಮೇದೋಜೀರಕ ಗ್ರಂಥಿಯ ಉರಿಯೂತವಾಗಿ, ಈಗಿನ ಬಿಲ್ಲಿನ ಹಲವು ಪಟ್ಟು ತುರ್ತು ಬಿಲ್ಲು ಬರಬಹುದು. ಜ್ವರ, ಕಾಮಾಲೆ ಅಥವಾ ಬಿಡದ ನೋವು ಕಂಡರೆ ಅಂದಾಜು ಪಟ್ಟಿಗಳನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಪ್ರತಿ ತಿಂಗಳ ಮಾತ್ರೆಗಳ ಖರ್ಚು ತಡೆಯಲಾಗದೆ ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದೇನೆ. ತೊಂದರೆ ಇದೆಯೇ?

ಉತ್ತರ: ಇದೆ. ಇವತ್ತು ಉಳಿದ ಮಾತ್ರೆಯ ಹಣ ನಾಳೆ ಪಾರ್ಶ್ವವಾಯು ಅಥವಾ ಮೂತ್ರಪಿಂಡದ ಚಿಕಿತ್ಸೆಗೆ ಹೋಗುವ ಅಪಾಯವಿದೆ. ಡೋಸು ಕಡಿಮೆ ಮಾಡುವ ಬದಲು ದರವನ್ನು ಕಡಿಮೆ ಮಾಡುವ ದಾರಿ ನೋಡಿ. ಖರ್ಚು ತಡೆಯಲಾಗುತ್ತಿಲ್ಲ ಎಂದು ವೈದ್ಯರಿಗೆ ನೇರವಾಗಿ ಹೇಳಿ, ಜೆನೆರಿಕ್ ಹೆಸರಿನಲ್ಲೇ, ಅಂದರೆ ಬ್ರ್ಯಾಂಡಿನ ಬದಲು ಔಷಧದ ಮೂಲ ಹೆಸರಿನಲ್ಲೇ, ಚೀಟಿ ಬರೆದುಕೊಡಲು ಕೇಳಿ. ಜೆನೆರಿಕ್ ಎಂದರೆ ಕಳಪೆ ಎಂಬ ಭಾವನೆ ಇನ್ನೂ ಇದೆ. ಕಟ್ಟುನಿಟ್ಟಾದ ಔಷಧ ನಿಯಂತ್ರಣ ಸಂಸ್ಥೆಗಳು ಮೂಲ ಬ್ರ್ಯಾಂಡಿನೊಂದಿಗೆ ಹೋಲಿಸಿ, ರಕ್ತದಲ್ಲಿ ಸೇರುವ ಔಷಧದ ಪ್ರಮಾಣದ ಅನುಪಾತದ ವಿಶ್ವಾಸಾರ್ಹ ಅಂತರ (ಅಳತೆಯ ಅನಿಶ್ಚಿತತೆಗೆ ಎರಡೂ ಕಡೆ ಜಾಗ ಬಿಟ್ಟು ಹಾಕಿದ ಅಂದಾಜಿನ ವ್ಯಾಪ್ತಿ) ನೂರಕ್ಕೆ 80ರಿಂದ 125ರ ಮಿತಿಯೊಳಗೆ ಪೂರ್ತಿಯಾಗಿ ಬಿದ್ದರೆ ಮಾತ್ರ ಒಪ್ಪಿಗೆ ಕೊಡುತ್ತವೆ. ಸರಾಸರಿ ವ್ಯತ್ಯಾಸ ಇದಕ್ಕಿಂತ ಬಹಳ ಚಿಕ್ಕದಿದ್ದರೆ ಮಾತ್ರ ಹಾಗೆ ಬೀಳಲು ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆ 1977ರಿಂದ ಪ್ರಕಟಿಸುತ್ತಿರುವ ಅಗತ್ಯ ಔಷಧಗಳ ಪಟ್ಟಿಯಲ್ಲಿ ನಿಮ್ಮ ಎರಡೂ ಕಾಯಿಲೆಗಳಿಗೆ ಹಳೆಯ, ಅಗ್ಗದ, ಚೆನ್ನಾಗಿ ಪರೀಕ್ಷೆಗೊಳಗಾದ ಮಾತ್ರೆಗಳಿವೆ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅಂಥವು. ಹೊಸ ದುಬಾರಿ ಮಾತ್ರೆ ನಿಮಗೆ ಏಕೆ ಬೇಕು ಎಂಬುದನ್ನು ವೈದ್ಯರು ವಿವರಿಸಲಿ. ಕೆಲವರಿಗೆ ಅದು ನಿಜವಾಗಿಯೂ ಬೇಕಿರುತ್ತದೆ. ಅಪಸ್ಮಾರ, ರಕ್ತ ಹೆಪ್ಪುಗಟ್ಟದಂತೆ ತಡೆಯುವುದು, ಅಂಗ ಕಸಿ, ಇವುಗಳ ಔಷಧವನ್ನಾಗಲಿ ಥೈರಾಯ್ಡ್ ಮಾತ್ರೆಯನ್ನಾಗಲಿ ಬದಲಿಸುವ ಮೊದಲು ಮಾತ್ರ ವೈದ್ಯರಿಗೆ ತಿಳಿಸಲೇಬೇಕು.

ಪ್ರಶ್ನೆ: ಆಸ್ಪತ್ರೆಗೆ ಸೇರಿದ ಮೇಲೆ ವಿಮೆ ಮಾಡಿಸಿದರೆ ಈ ಬಿಲ್ಲಿಗೆ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಬಹಳ ಪಾಲಿಸಿಗಳಲ್ಲಿ ಕಾಯುವ ಅವಧಿಯೂ ಇರುತ್ತದೆ. ಕಾಯಿಲೆಯನ್ನು ಮುಚ್ಚಿಟ್ಟು ಮಾಡಿಸಿದರೆ ಕಂತು ಕಟ್ಟಿದ್ದೂ ವ್ಯರ್ಥ, ಕ್ಲೇಮೂ ತಿರಸ್ಕೃತ.

ಪ್ರಶ್ನೆ: ಮಗುವಿನ ಚಿಕಿತ್ಸೆಗೆ ಜಾಲತಾಣದಲ್ಲಿ ಹಣ ಕೇಳೋಣ ಎಂದು ಗೆಳೆಯರು ಹೇಳುತ್ತಿದ್ದಾರೆ. ಕೈ ಚಾಚುವುದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಒಪ್ಪದಿದ್ದರೆ ಬಿಡಿ, ಅದರಲ್ಲಿ ತಪ್ಪಿಲ್ಲ, ಆದರೆ ಒಪ್ಪದಿರಲು ನಾಚಿಕೆಯೊಂದೇ ಕಾರಣವಾಗಿದ್ದರೆ ಮತ್ತೊಮ್ಮೆ ಯೋಚಿಸಿ. ಚಿಕಿತ್ಸೆಯ ಖರ್ಚಿನಿಂದ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದವರು 2019ರಲ್ಲಿ ಜಗತ್ತಿನಾದ್ಯಂತ ಸುಮಾರು 200 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಬ್ಯಾಂಕ್ ಅಂದಾಜು ಮಾಡಿವೆ. ಅಷ್ಟು ಜನರೂ ದುಂದುಗಾರರಾಗಿರಲು ಸಾಧ್ಯವಿಲ್ಲ. ಮನವಿ ಮಾಡುವುದಾದರೆ ಕೆಲವು ಎಚ್ಚರಿಕೆಗಳಿರಲಿ. ವೇದಿಕೆಯವರು ಹಿಡಿದುಕೊಳ್ಳುವ ಶುಲ್ಕ ಎಷ್ಟೆಂದು ಮೊದಲೇ ತಿಳಿಯಿರಿ. ಹಣ ನೇರವಾಗಿ ಆಸ್ಪತ್ರೆಯ ಖಾತೆಗೆ ಹೋಗುವಂತಿದ್ದರೆ ಕೊಡುವವರಿಗೂ ನಂಬಿಕೆ, ನಿಮಗೂ ನಿರಾಳ. ವರದಿಗಳನ್ನು ಹಾಕುವಾಗ ಗುರುತಿನ ಸಂಖ್ಯೆ, ವಿಳಾಸಗಳನ್ನು ಮರೆಮಾಡಿ. ಮಗುವಿನ ಮುಖವನ್ನು ತೋರಿಸಲೇಬೇಕೆಂದಿಲ್ಲ. ನಾಳೆ ದೊಡ್ಡದಾಗುವ ಮಗುವಿನ ಚಿತ್ರ ಜಾಲದಲ್ಲಿ ಹಾಗೇ ಉಳಿದುಬಿಡುತ್ತದೆ. ಬಂದ ಹಣ, ಖರ್ಚಾದ ಹಣ, ಉಳಿದದ್ದನ್ನು ಏನು ಮಾಡುತ್ತೀರಿ ಎಂಬುದನ್ನು ಆರಂಭದಲ್ಲೇ ಬರೆದುಬಿಡಿ. ಇಂಥ ಮನವಿಗಳಲ್ಲಿ ಅನೇಕವು ಗುರಿ ಮುಟ್ಟುವುದಿಲ್ಲವಾದ್ದರಿಂದ, ಇದನ್ನು ನೆಚ್ಚಿಕೊಂಡು ಆಸ್ಪತ್ರೆಯೊಂದಿಗಿನ ಮಾತುಕತೆಯನ್ನು ನಿಲ್ಲಿಸದೆ ಎರಡನ್ನೂ ಜೊತೆಯಲ್ಲೇ ನಡೆಸಿ.